ಅಮೆರಿಕದ ಕಾಲೇಜಿನಿಂದ ಕರೆ ಬಂದಾಗ ಬೂಸ್ಟರ್ ಹಣದ ಮಾತನ್ನು ಪರಿಶೀಲಿಸುವ ಬಗೆ

ರಾಜ್ಯಮಟ್ಟದಲ್ಲೋ ರಾಷ್ಟ್ರಮಟ್ಟದಲ್ಲೋ ಪದಕ ಗೆದ್ದ ತುಮಕೂರಿನ ಅಥ್ಲೀಟ್‌ಗೆ ಅಮೆರಿಕದ ಕಾಲೇಜು ಕೋಚ್ ಬರೆಯುವ ಪತ್ರದಲ್ಲಿ ಈಗ ಎರಡು ಬಗೆಯ ಹಣದ ಪ್ರಸ್ತಾಪ ಇರಬಹುದು. ಒಂದು, ವಿಶ್ವವಿದ್ಯಾಲಯವೇ ಕೊಡುವ ಸ್ಕಾಲರ್‌ಶಿಪ್. ಇನ್ನೊಂದು, ‘ಎನ್‌ಐಎಲ್’ ಹೆಸರಿನಲ್ಲಿ ಹೊರಗಿನ ದಾನಿಗಳಿಂದ ಬರಲಿದೆ ಎನ್ನುವ ಹಣ. ಮನೆಯವರು ಎರಡನ್ನೂ ಕೂಡಿಸಿ ಒಂದೇ ಮೊತ್ತವಾಗಿ ಮಾತಾಡತೊಡಗಿದರೆ ಲೆಕ್ಕ ತಪ್ಪುವುದು ಅಲ್ಲಿಂದಲೇ. ಎರಡನೆಯದನ್ನು ಸೊನ್ನೆ ಎಂದು ಹಿಡಿದ ಮೇಲೂ ಹೋಗಿ ಓದಲು ಸಾಧ್ಯವಾಗುವುದಾದರೆ ಮಾತ್ರ ಒಪ್ಪಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಟಗಾರರ ಹೆಸರು, ಭಾವಚಿತ್ರ ಮತ್ತು ಚಹರೆಯನ್ನು ಪ್ರಚಾರಕ್ಕೆ ಬಳಸಿಕೊಳ್ಳುವುದಕ್ಕಾಗಿ ಕೊಡುವ ಸಂಭಾವನೆಗೆ ಎನ್‌ಐಎಲ್ ಎನ್ನುತ್ತಾರೆ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಇದಕ್ಕೆ ಅವಕಾಶ ಕೊಟ್ಟದ್ದು 2021ರ ಜುಲೈ 1ರಿಂದ. ತಂಡದ ಮೇಲಿನ ಅಭಿಮಾನಕ್ಕೆ ಹಣ ಸುರಿಯುವ ಹಳೆಯ ವಿದ್ಯಾರ್ಥಿಗಳು, ಉದ್ಯಮಿಗಳು, ಸಿರಿವಂತರೇ ಬೂಸ್ಟರ್‌ಗಳು. ನಮ್ಮ ಕಡೆ ಜಾತ್ರೆಯ ಕಬಡ್ಡಿ ಪಂದ್ಯಾವಳಿಗೆ ಊರಿನ ದೊಡ್ಡವರೊಬ್ಬರು ತಮ್ಮ ಖರ್ಚಿನಲ್ಲಿ ಹೊರಗಿನ ರೈಡರ್‌ನನ್ನು ಕರೆಸಿ ಆಡಿಸುವುದನ್ನು ನೋಡಿದವರಿಗೆ ಇದರ ಒಳಮರ್ಮ ಬೇಗ ತಿಳಿಯುತ್ತದೆ. ಇಂಥವರು ಗುಟ್ಟಾಗಿ ಹಣ ಕೊಡುತ್ತಿದ್ದುದಕ್ಕಾಗಿಯೇ 1987ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಇಡೀ ಋತುವನ್ನೇ ಎನ್‌ಸಿಎಎ ರದ್ದು ಮಾಡಿತ್ತು. 2021ರ ನಂತರ ಅಂಥ ದಾನಿಗಳೇ ‘ಕಲೆಕ್ಟಿವ್’ ಎಂಬ ಕೂಟಗಳನ್ನು ಕಟ್ಟಿಕೊಂಡು, ಇನ್‌ಸ್ಟಾಗ್ರಾಮ್ ಪೋಸ್ಟಿಗೆ ಇಷ್ಟು, ಅಭಿಮಾನಿಗಳ ಭೇಟಿಗೆ ಇಷ್ಟು ಎಂದು ಬರೆದು ಬಹಿರಂಗವಾಗಿಯೇ ಕೊಡತೊಡಗಿದರು. ಕಾಲೇಜು ಸೇರುವ ಮೊದಲು ಇದರ ಮಾತುಕತೆ ನಡೆಸಬಾರದೆಂಬ ನಿಯಮದ ಜಾರಿಗೂ 2024ರ ಫೆಬ್ರುವರಿಯಲ್ಲಿ ಟೆನೆಸ್ಸಿಯ ಫೆಡರಲ್ ನ್ಯಾಯಾಲಯ ತಡೆ ನೀಡಿತು.

2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟ ಮೇಲೆ ಚಿತ್ರ ಮತ್ತೆ ಬದಲಾಯಿತು. ಆ ರಾಜಿಯನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯಗಳು ಈಗ ಆಟಗಾರರಿಗೆ ಆದಾಯದ ಪಾಲನ್ನು ನೇರವಾಗಿ ಕೊಡಬಹುದು. ಮೊದಲ ವರ್ಷಕ್ಕೆ ಪ್ರತಿ ಸಂಸ್ಥೆಗೂ ಸುಮಾರು 2.05 ಕೋಟಿ ಡಾಲರ್ ಮಿತಿ ಇತ್ತು. ಜೊತೆಗೆ, 600 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಹೊರಗಿನ ಒಪ್ಪಂದವನ್ನು ‘ಎನ್‌ಐಎಲ್ ಗೋ’ ಎಂಬ ವ್ಯವಸ್ಥೆಗೆ ವರದಿ ಮಾಡಬೇಕು. ಹಣ ಕೊಡುವವರು ಬೂಸ್ಟರ್‌ಗಳಾಗಿದ್ದರೆ, ಅದರ ಹಿಂದೆ ನಿಜವಾದ ವ್ಯಾಪಾರೋದ್ದೇಶ ಇದೆಯೇ, ಮೊತ್ತ ಸಮಂಜಸವೇ ಎಂದು ಅಲ್ಲಿ ತೂಗಿ ನೋಡುತ್ತಾರೆ. ಅಂದರೆ ಸಹಿ ಆದ ಒಪ್ಪಂದಕ್ಕೂ ಅಲ್ಲಿ ಒಪ್ಪಿಗೆ ಸಿಗದೆ ಹೋಗಬಹುದು. ಹಣದ ಬಹುಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಜಾವೆಲಿನ್ ಎಸೆಯುವ ಹುಡುಗಿಗೆ ಅಲ್ಲಿನ ಬೂಸ್ಟರ್‌ಗಳು ಮುಗಿಬೀಳುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಬಂದ ಪ್ರಸ್ತಾಪವನ್ನು ಬಿಡಿಸಿ ಬರೆಯುವುದು: ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್, ವಿಶ್ವವಿದ್ಯಾಲಯವೇ ಕೊಡುವ ಆದಾಯದ ಪಾಲು, ಹೊರಗಿನವರ ಹಣ. ಒಂದು ವರ್ಷದ ಒಟ್ಟು ಖರ್ಚು 45,000 ಡಾಲರ್ ಎಂದೂ ಸ್ಕಾಲರ್‌ಶಿಪ್ ಅದರ ಶೇ. 60 ಎಂದೂ ಇಟ್ಟುಕೊಳ್ಳೋಣ. ಉಳಿಯುವ 18,000 ಡಾಲರ್, ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ, ವರ್ಷಕ್ಕೆ 15.3 ಲಕ್ಷ, ನಾಲ್ಕು ವರ್ಷಕ್ಕೆ 61 ಲಕ್ಷಕ್ಕೂ ಹೆಚ್ಚು. ‘ಆ ಅಂತರವನ್ನು ನಮ್ಮ ಬೂಸ್ಟರ್‌ಗಳು ತುಂಬಿಕೊಡುತ್ತಾರೆ’ ಎಂಬ ಮಾತು ಬರುವುದು ಇಲ್ಲಿಯೇ. ಆದರೆ ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ವಿಶ್ವವಿದ್ಯಾಲಯ ಕೊಡುವ ಮೊದಲು ಮೊದಲ ವರ್ಷದ ಖರ್ಚಿಗೆ ಹಣ ಎಲ್ಲಿದೆ ಎಂಬುದಕ್ಕೆ ದಾಖಲೆ ಕೇಳುತ್ತದೆ, ಮತ್ತು ಬೂಸ್ಟರ್‌ನ ಬಾಯಿಮಾತು ಅಲ್ಲಿ ದಾಖಲೆ ಆಗುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್, ಸಾಲದ ಮಂಜೂರಾತಿ ಪತ್ರ ಇವನ್ನು ತೋರಿಸಬೇಕಾದವರು ತಂದೆತಾಯಿಗಳೇ.

ಇದಕ್ಕಿಂತ ದೊಡ್ಡ ತೊಡಕು ವೀಸಾದ್ದೇ, ಮತ್ತು ರಿಕ್ರೂಟಿಂಗ್ ಮಾತುಕತೆಯಲ್ಲಿ ಎಲ್ಲರೂ ಮೆಲ್ಲಗೆ ದಾಟಿ ಹೋಗುವುದೂ ಇದನ್ನೇ. ನಮ್ಮ ಮಕ್ಕಳು ಹೋಗುವುದು ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾದ ಮೇಲೆ. ಅದರಲ್ಲಿ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗಿನ ಕೆಲಸಕ್ಕೆ ಅವಕಾಶವಿದೆ. ಹೊರಗಿನ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ಅಮೆರಿಕದ ನೆಲದಲ್ಲಿ ನಿಂತು ಕಾರ್ ಶೋರೂಮಿನ ಜಾಹೀರಾತಿಗೆ ಪೋಸು ಕೊಟ್ಟು ಹಣ ಪಡೆದರೆ ಅದು ಅನಧಿಕೃತ ಉದ್ಯೋಗ ಎನಿಸಿಕೊಳ್ಳಬಹುದು. ಹಾಗಾದರೆ ಹೋಗುವುದು ಒಪ್ಪಂದವೊಂದೇ ಅಲ್ಲ, ವಿದ್ಯಾರ್ಥಿಯಾಗಿ ಅಲ್ಲಿ ಇರುವ ಹಕ್ಕೇ ಹೋಗುತ್ತದೆ. ಏನೂ ಕೆಲಸ ಮಾಡದೆ, ಚಿತ್ರ ಬಳಸಲು ಬಿಟ್ಟದ್ದಕ್ಕಾಗಿ ಮಾತ್ರ ಬರುವ ಹಣದ ಬಗ್ಗೆ ವಕೀಲರಲ್ಲೇ ಒಮ್ಮತವಿಲ್ಲ. ತಂಡದ ಅಮೆರಿಕನ್ ಗೆಳತಿಗೆ ಸಲೀಸಾದದ್ದು ತುಮಕೂರಿನಿಂದ ಹೋದವಳಿಗೆ ಸಲೀಸಲ್ಲ. ಇಂಥ ಯಾವ ಕಾಗದಕ್ಕೂ ಸಹಿ ಮಾಡುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಲಿಖಿತ ಉತ್ತರ ಪಡೆಯಬೇಕು, ಮತ್ತು ಅಲ್ಲಿನ ವಲಸೆ ಕಾನೂನಿನ ವಕೀಲರನ್ನು ಕೇಳಬೇಕು. ಕೋಚ್ ‘ಏನೂ ಆಗುವುದಿಲ್ಲ, ಎಲ್ಲರೂ ಮಾಡುತ್ತಾರೆ’ ಎಂದು ಹೇಳುವುದು ಉತ್ತರವಲ್ಲ.

ಇನ್ನು, ಮಾತು ಕೊಟ್ಟವರು ಯಾರು ಎಂಬ ಪ್ರಶ್ನೆ. ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಬರಲು ಒಪ್ಪಿದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೇಡನ್ ರಶಾಡಾ ಜೊತೆ ಅಲ್ಲಿನ ಬೆಂಬಲಿಗರ ಕಲೆಕ್ಟಿವ್ 2022ರಲ್ಲಿ ಮಾಡಿಕೊಂಡ 1.385 ಕೋಟಿ ಡಾಲರಿನ ಒಪ್ಪಂದ ಕೆಲವೇ ವಾರಗಳಲ್ಲಿ ಮುರಿದುಬಿತ್ತು. ಆತ ಬೇರೆ ಕಾಲೇಜು ಸೇರಿ 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಾಸ್‌ನ ನೆವಾಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಮ್ಯಾಥ್ಯೂ ಸ್ಲೂಕಾ, ತಂಡ ಮೂರೂ ಪಂದ್ಯ ಗೆದ್ದಿರುವಾಗಲೇ ಹೊರನಡೆದರು. ಸಹಾಯಕ ಕೋಚ್ ಬಾಯಿಮಾತಿನಲ್ಲಿ ಹೇಳಿದ ಒಂದು ಲಕ್ಷ ಡಾಲರ್ ಬರಲಿಲ್ಲ ಎಂಬುದು ಅವರ ಕಡೆಯವರ ದೂರು. ವಿಶ್ವವಿದ್ಯಾಲಯ ಅದನ್ನು ಒಪ್ಪಲಿಲ್ಲ. ಸ್ವದೇಶದಲ್ಲೇ ಏಜೆಂಟ್, ವಕೀಲರ ಬೆಂಬಲ ಇದ್ದವರ ಪಾಡು ಇದಾದರೆ, ಸಾವಿರಾರು ಮೈಲಿ ಆಚೆಯಿಂದ ಹೋದವರು ಯಾರನ್ನು ಹಿಡಿದು ಕೇಳುತ್ತಾರೆ?

ಕಾಗದ ಕೈಗೆ ಬಂದಾಗ ಮೊತ್ತ ಬರೆದ ಪುಟವನ್ನು ಬದಿಗಿಟ್ಟು ಉಳಿದ ಪುಟಗಳನ್ನು ಓದಬೇಕು. ‘ದಾನಿಗಳಿಂದ ಹಣ ಸಂಗ್ರಹವಾದಲ್ಲಿ’ ಎಂಬ ಷರತ್ತು ಇದ್ದರೆ ಅದು ಭರವಸೆಯಲ್ಲ, ಆಸೆ ಮಾತ್ರ. ತಂಡ ಬಿಟ್ಟರೆ ಅಥವಾ ಗಾಯವಾದರೆ ಪಡೆದ ಹಣ ಹಿಂತಿರುಗಿಸಬೇಕೇ, ಚಿತ್ರ ಬಳಸುವ ಹಕ್ಕು ಕಾಲೇಜು ಮುಗಿದ ಮೇಲೂ ಅವರಲ್ಲೇ ಉಳಿಯುತ್ತದೆಯೇ, ಏಜೆಂಟ್‌ನ ಪಾಲು ಎಷ್ಟು, ವ್ಯಾಜ್ಯ ಯಾವ ರಾಜ್ಯದಲ್ಲಿ ನಡೆಯಬೇಕು ಎಂಬ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಚಿತ್ರದ ಹಕ್ಕಿನ ಸಾಲು ಮುಖ್ಯ: ಮುಂದೆ ಭಾರತದ ತಂಡಕ್ಕೆ ಆಯ್ಕೆಯಾಗಿ ಇಲ್ಲಿನ ಶೂ ಕಂಪನಿ ಬಂದಾಗ ಅದೇ ಅಡ್ಡ ಬರಬಹುದು. ಅಮೆರಿಕದ ನಿವಾಸಿಯಲ್ಲದವರಿಗೆ ಹೋಗುವ ಇಂಥ ಹಣದಿಂದ ಸಾಮಾನ್ಯವಾಗಿ ಶೇ. 30 ತೆರಿಗೆ ಮೊದಲೇ ಕಡಿತವಾಗುತ್ತದೆ. ತೆರಿಗೆ ಒಪ್ಪಂದದ ರಿಯಾಯಿತಿಯನ್ನು ಕೇಳಿ ಪಡೆಯಬೇಕು.

ಇಲ್ಲಿಯ ಸಲಹೆಗಾರರ ವಿಷಯವನ್ನೂ ಹೇಳಲೇಬೇಕು. ‘ನಿಮ್ಮ ಮಗನಿಗೆ ಸ್ಕಾಲರ್‌ಶಿಪ್ ಸಿಕ್ಕ ಮೇಲೆ ಅದರಲ್ಲಿ ಶೇಕಡಾ ಇಷ್ಟು ಕೊಡಿ’ ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಆಟಗಾರರ ಮಾಹಿತಿಯನ್ನು ಕಾಲೇಜುಗಳಿಗೆ ಹಂಚಲು ನಿಗದಿತ ಶುಲ್ಕ ಕೊಡುವುದಕ್ಕೆ ಎನ್‌ಸಿಎಎ ಒಪ್ಪುತ್ತದೆ; ಸೀಟು ಕೊಡಿಸಿದ್ದಕ್ಕಾಗಿ ಅಥವಾ ಸಿಕ್ಕ ನೆರವಿನ ಮೊತ್ತದ ಮೇಲೆ ಶುಲ್ಕ ಕೊಟ್ಟರೆ ವಿದ್ಯಾರ್ಥಿಯ ಅರ್ಹತೆಗೇ ಕುತ್ತು. ಬೂಸ್ಟರ್ ಭಾಗ್ಯವಿಲ್ಲದೆಯೂ ಈ ದಾರಿ ಮುಚ್ಚಿಲ್ಲ: ಹೈಜಂಪ್‌ನ ತೇಜಸ್ವಿನ್ ಶಂಕರ್ ಸ್ಕಾಲರ್‌ಶಿಪ್ ಮೇಲೆ ಕಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 2018 ಮತ್ತು 2022ರಲ್ಲಿ ಎನ್‌ಸಿಎಎ ಚಾಂಪಿಯನ್ ಆದರು.

ಕೊನೆಯದಾಗಿ, ಕೋಚ್‌ಗೆ ಅಲ್ಲ, ಕ್ರೀಡಾ ನಿಯಮಗಳ ಪಾಲನೆ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಕಂಪ್ಲಯನ್ಸ್ ಕಚೇರಿಗೆ ಒಂದು ಇಮೇಲ್ ಬರೆಯಿರಿ. ಸ್ಕಾಲರ್‌ಶಿಪ್ ಎಷ್ಟು ವರ್ಷಕ್ಕೆ, ಗಾಯವಾದರೆ ಮುಂದುವರಿಯುತ್ತದೆಯೇ, ಹೊರಗಿನವರು ಹೇಳಿರುವ ಇಂತಿಷ್ಟು ಡಾಲರ್ ನಿಮ್ಮ ಗಮನದಲ್ಲಿದೆಯೇ, ಎಫ್-1 ವೀಸಾದಲ್ಲಿ ಅದನ್ನು ಪಡೆಯಬಹುದೇ ಎಂಬ ನಾಲ್ಕೇ ಪ್ರಶ್ನೆ ಸಾಕು. ಉತ್ತರ ಬರುವವರೆಗೆ ಇಲ್ಲಿನ ಕಾಲೇಜಿನ ಸೀಟನ್ನು ಬಿಟ್ಟುಕೊಡಬೇಡಿ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಬೇಡಿ.