ಹಾಲುಣಿಸುವ ಮೂಲೆಯಲ್ಲಿ ಬಾಯಿಬಿಟ್ಟ ತಾಯಂದಿರು

"ಮಕ್ಕಳ ಡಾಕ್ಟ್ರಿಗೆ ಗಂಡ ಹೆಂಡತಿ ಜಗಳ ಯಾಕೆ ಮಾರಾಯ್ತಿ?" ಎಂದು ಮಂಗಳೂರಿನ ಗೆಳತಿ ನಕ್ಕಿದ್ದಳು. ಅವಳೂ ಮಕ್ಕಳ ಡಾಕ್ಟ್ರೇ. ಈಗ ಉಡುಪಿಯ ನನ್ನ ಸಣ್ಣ ಕ್ಲಿನಿಕ್ಕಿನಲ್ಲಿ ತಿಂಗಳಿಗೆ ಮೂರೋ ನಾಲ್ಕೋ ತಾಯಂದಿರು ಮನೆಯ ಹೊಡೆತದ ವಿಷಯ ತಾವಾಗಿಯೇ ಹೇಳುತ್ತಾರೆ.

ಅವರ ಬಾಯಿ ಬಿಡಿಸಲು ಮೊದಲು ಗೋಡೆಗೆ ಇದರ ಬಗ್ಗೆ ಪೋಸ್ಟರ್ ಅಂಟಿಸಿದೆ. ಸುಮಾರು 4,000 ರೂಪಾಯಿ ವ್ಯರ್ಥ. ಪಕ್ಕದಲ್ಲಿ ಅತ್ತೆ ಕೂತಿರುವಾಗ ಅದನ್ನು ಯಾರು ಓದುತ್ತಾರೆ? ನೇರವಾಗಿ ಕೇಳಿಯೂ ನೋಡಿದೆ. ಎಲ್ಲರದ್ದೂ ಒಂದೇ ಉತ್ತರ, "ಹಾಗೇನಿಲ್ಲ ಡಾಕ್ಟ್ರೇ." ಮೂರನೆಯ ತಪ್ಪು ಈಗಲೂ ಚುಚ್ಚುತ್ತದೆ. ಒಬ್ಬಾಕೆಗೆ ಸಹಾಯವಾಣಿಯ ಚೀಟಿ ಕೊಟ್ಟೆ. ಅದು ಬ್ಯಾಗಿನಲ್ಲಿ ಗಂಡನ ಕೈಗೆ ಸಿಕ್ಕಿತು. 14ನೇ ವಾರದ ಲಸಿಕೆಗೆ ಮಗು ಬರಲೇ ಇಲ್ಲ. 9 ತಿಂಗಳಿಗೆ ಅಜ್ಜಿ ಎತ್ತಿಕೊಂಡು ಬಂದಾಗಲೇ ನನಗೆ ವಿಷಯ ಗೊತ್ತಾಗಿದ್ದು.

ಕೊನೆಗೆ ಕೈಹಿಡಿದದ್ದು ಹಾಲುಣಿಸುವ ಮೂಲೆ. ತೂಕದ ಯಂತ್ರವನ್ನೂ ಅಲ್ಲಿಗೇ ಸರಿಸಿದೆ. ಅಡ್ಡಗೋಡೆ, ಪರದೆ, ಕುರ್ಚಿ ಎಲ್ಲ ಸೇರಿ 18,000 ಆಗಿರಬೇಕು. ಗಂಡಸರು ತಾವಾಗಿಯೇ ಹೊರಗೆ ನಿಲ್ಲುತ್ತಾರೆ. ಒಳಗೆ ನಾನು ಏನೂ ಕೇಳುವುದಿಲ್ಲ, ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: "ಮನೆಯಲ್ಲಿ ಬೈಗುಳ, ಹೊಡೆತ ಇದ್ದರೆ ಮಗುವಿನ ನಿದ್ದೆ, ಊಟ ಎರಡೂ ಕೆಡುತ್ತವೆ. ನಿಮಗಲ್ಲದಿದ್ದರೂ ಅಕ್ಕತಂಗಿಯರಿಗೆ ಬೇಕಾದೀತು, ಮಹಿಳಾ ಸಹಾಯವಾಣಿ 181 ನೆನಪಿಡಿ." ಮೂರೇ ಅಂಕಿ, ಚೀಟಿ ಬೇಡ. ಕೆಲವರು ಮುಂದಿನ ಲಸಿಕೆಗೆ ಬಂದಾಗ ಮಾತಾಡುತ್ತಾರೆ. ನಮ್ಮ ಸಿಸ್ಟರ್ ತುಳುವಿನಲ್ಲಿ ಶುರು ಮಾಡಿದರೆ ಇನ್ನೂ ಬೇಗ.

ಮಲ್ಪೆ ಕಡೆಯ ಬಡ ಮನೆಗಳಲ್ಲೇ ಇದು ಜಾಸ್ತಿ ಅಂದುಕೊಂಡಿದ್ದೆ. ಮಣಿಪಾಲದ ಫ್ಲಾಟಿನಿಂದ ಕಾರಿನಲ್ಲಿ ಬಂದವರು ಆ ಭ್ರಮೆ ಬಿಡಿಸಿದರು.

ಮನೆಯ ಸುದ್ದಿ ತಿಳಿಯಲು ಗೊಂಬೆ ಸಂಸಾರ ಇಟ್ಟು ಮಕ್ಕಳನ್ನು ಆಡಿಸಿಯೂ ನೋಡಿದೆ. ನಾಲ್ಕು ವರ್ಷದ ಪೋರನೊಬ್ಬ ಮನೆಗೆ ಹೋಗಿ ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದ! ಗೊಂಬೆಗಳು ಕಪಾಟು ಸೇರಿದವು. ಮಾತು ಬಂದ ಮಗುವಿನ ಎದುರು ಈಗ ಈ ಸುದ್ದಿಯೇ ಇಲ್ಲ. ಮಗುವಿನ ಫೈಲಿನಲ್ಲೂ ಬರೆಯುವುದಿಲ್ಲ, ಅದಕ್ಕೆ ಬೀಗದೊಳಗೆ ಬೇರೆ ಪುಸ್ತಕ ಇದೆ.

ಗಂಡನನ್ನು ಬಿಟ್ಟು ಬಾ ಎಂದು ನಾನು ಯಾರಿಗೂ ಹೇಳಿಲ್ಲ. ಬಿಟ್ಟು ಹೊರಡುವ ಹೊತ್ತಿಗೇ ಅಪಾಯ ಜಾಸ್ತಿ. ದೂರು ಕೊಟ್ಟರೆ ಡೈವೋರ್ಸ್ ಅಂತ ತುಂಬಾ ಜನ ಹೆದರುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದೇ ಮನೆಯಲ್ಲಿದ್ದುಕೊಂಡೇ ರಕ್ಷಣೆ ಕೇಳಬಹುದು, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರೂ ಉಚಿತ. ಇಷ್ಟು ಹೇಳಿದರೆ ಮುಖದ ಬಿಗು ಸ್ವಲ್ಪ ಸಡಿಲವಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಮಾತ್ರ ಗುಟ್ಟಾಗಿ ಇಡುವಂತಿಲ್ಲ, ಅದಕ್ಕೆ ಪೋಕ್ಸೊ ಕಾಯ್ದೆ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇದನ್ನೆಲ್ಲ ಶುರು ಮಾಡಿದ ಮೇಲೆ ದಿನಕ್ಕೆ ನಾಲ್ಕೈದು ಪೇಷಂಟ್ ಕಡಿಮೆಯಾದರು. ಅಂದರೆ ದಿನಕ್ಕೆ ಅಂದಾಜು ಸಾವಿರದ ಇನ್ನೂರು ರೂಪಾಯಿ ಖೋತಾ.

ದುಬೈಯಿಂದ ವಿಡಿಯೋ ಕಾಲಿನಲ್ಲೇ ಕಾವಲು ಕಾಯುವ ಗಂಡಂದಿರಿಗೆ ಸ್ಟೆತಸ್ಕೋಪ್ ಸಾಕು: "ಎದೆ ಬಡಿತ ಕೇಳಬೇಕು, ಫೋನ್ ಆಫ್ ಮಾಡಿ." ಅತ್ತೆಯನ್ನು ಹೊರಗೆ ಕೂರಿಸುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಅತ್ತೆಯರೂ ಓದುತ್ತಾರಲ್ವಾ? ಎದುರು ಸಿಕ್ಕಾಗ ಕೇಳಿ.