ಬಚ್ಚಲ ಬಾಯ್ಲರಿಗೆ ಫ್ಯಾನು ಕೂಡಿಸಿದ್ದು

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನಾನು ಹನ್ನೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಬಾಯ್ಲರ್ ಮನೆಯಲ್ಲಿ. ಗಿರಣಿ ಮುಚ್ಚಿ ಎಷ್ಟೋ ಕಾಲವಾದ ಮೇಲೆ, ಮನೆಯ ಹಿತ್ತಲ ಬಚ್ಚಲಿನ 60 ಲೀಟರಿನ ತಾಮ್ರದ ಬಾಯ್ಲರು ಆ ಪಾಠಗಳನ್ನೆಲ್ಲ ನನ್ನಿಂದ ಮತ್ತೊಮ್ಮೆ ಓದಿಸಿತು. ಇದು ಪೇಟೆಯಲ್ಲಿ ಸಿಗುವ ಸಾಮಾನ್ಯ ಬಾಯ್ಲರು: ನಡುವೆ ಹೊಗೆ ಕೊಳವೆ, ಕೆಳಗೆ ಕಬ್ಬಿಣದ ಜಾಲರಿ, ಅದರಡಿ ಬೂದಿ ಬಾಗಿಲು, ಪಕ್ಕದಲ್ಲಿ ತಣ್ಣೀರು ಸುರಿಯುವ ಆಲಿಕೆ. ಆಲಿಕೆಗೆ ಒಂದು ಚೊಂಬು ತಣ್ಣೀರು ಸುರಿದರೆ ಮೇಲಿನ ಬಾಯಿಂದ ಒಂದು ಚೊಂಬು ಬಿಸಿನೀರು ಬರುತ್ತದೆ, ಸುರಿಯದಿದ್ದರೆ ಬರುವುದಿಲ್ಲ.

ಸೌದೆಯ ಹೊಗೆಗೆ ಅಕ್ಕಪಕ್ಕದವರು ಬೇಸರಪಟ್ಟಿದ್ದರಿಂದ ಇದ್ದಿಲಿಗೆ ಬದಲಾಯಿಸಿದೆವು. ಹೊತ್ತಿಸಲು ಮೆಕ್ಕೆಜೋಳದ ಬೆಂಡು ಸಾಕು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ಇದ್ದಿಲು ಗಾಳಿಯಿಲ್ಲದೆ ಕಾವು ಕೊಡುವುದಿಲ್ಲ. ಡಿಸೆಂಬರಿನ ಬೆಳಗಿನ ಜಾವ ನನ್ನ ಹೆಂಡತಿ ಮೊರ ಹಿಡಿದು ಬೂದಿ ಬಾಗಿಲ ಮುಂದೆ ಕುಳಿತು ಬೀಸುವುದನ್ನು ನೋಡಿ, 12 ವೋಲ್ಟಿನ, 18 ವ್ಯಾಟಿನ ಬಸವನಹುಳು ಆಕಾರದ ಬ್ಲೋವರ್ ಒಂದನ್ನು ತಂದು ಬೂದಿ ಬಾಗಿಲಿಗೆ ನೇರವಾಗಿ ಜೋಡಿಸಿದೆ. ಮೂರನೆಯ ದಿನ ಅದರ ಪ್ಲಾಸ್ಟಿಕ್ ಬಾಯಿ ಸೊಟ್ಟಗಾಗಿತ್ತು. ಓಡುವಾಗ ತಣ್ಣನೆಯ ಗಾಳಿ ಅದನ್ನು ಕಾಪಾಡುತ್ತಿತ್ತು. ನಿಂತೊಡನೆ ಕೆಂಡದ ಕಾವು ಹಿಂದಕ್ಕೆ ಹರಿದು ಅದನ್ನು ಬೇಯಿಸಿತ್ತು. ಬ್ಲೋವರನ್ನು ಎರಡಡಿ ಜಿ.ಐ. ಪೈಪಿನ ಆಚೆಗೆ ಸರಿಸಿ, ಪೈಪಿನೊಳಗೆ ತೆಳು ತಗಡಿನ ಒಂದು ತೂಗುಬಾಗಿಲನ್ನು ಇಟ್ಟೆ. ಗಾಳಿ ಬಂದಾಗ ಅದು ಏಳುತ್ತದೆ, ನಿಂತಾಗ ತನ್ನ ಭಾರಕ್ಕೆ ತಾನೇ ಬಿದ್ದು ಮುಚ್ಚಿಕೊಳ್ಳುತ್ತದೆ. ಈ ತಗಡಿನ ನಿಜವಾದ ಬೆಲೆ ತಿಳಿದದ್ದು ಆಮೇಲೆ. ಅದಿಲ್ಲದಿದ್ದರೆ, ಫ್ಯಾನು ನಿಂತರೂ ಹೊಗೆ ಕೊಳವೆಯ ಎಳೆತಕ್ಕೆ ಗಾಳಿ ಒಳಗೆ ನುಗ್ಗುತ್ತಲೇ ಇರುತ್ತದೆ, ಬೆಂಕಿ ತನ್ನ ಪಾಡಿಗೆ ಉರಿಯುತ್ತಲೇ ಇರುತ್ತದೆ.

ಇಲ್ಲಿ ಗಿರಣಿಯ ಪಾಠವೊಂದನ್ನು ಮರೆತಿದ್ದೆ. ಅಲ್ಲಿ ಎರಡು ಫ್ಯಾನುಗಳಿದ್ದವು: ಒಂದು ಕೆಳಗಿನಿಂದ ಗಾಳಿ ನೂಕುವುದು, ಇನ್ನೊಂದು ಚಿಮಣಿಯ ಬುಡದಲ್ಲಿ ಹೊಗೆ ಎಳೆಯುವುದು. ಒಲೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವಂತೆ ಅವೆರಡನ್ನೂ ಹೊಂದಿಸುತ್ತಿದ್ದರು. ನೂಕುವ ಫ್ಯಾನೊಂದನ್ನೇ ಇಟ್ಟರೆ ಒಲೆಯೊಳಗಿನ ಗಾಳಿ ಸಂದಿಗೊಂದಿಗಳಿಂದ ಹೊರಗೆ ಸೋರುತ್ತದೆ. ಸೌದೆಯಾದರೆ ಕಣ್ಣುರಿಯಾದರೂ ಎಚ್ಚರಿಸುತ್ತದೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲಿನಲ್ಲಿ ಅದು ಸದ್ದಿಲ್ಲದೆ ಜೀವ ತೆಗೆಯುತ್ತದೆ. ಒಂದು ಬೆಳಿಗ್ಗೆ ದೇವರ ಮನೆಯಿಂದ ಊದಿನಕಡ್ಡಿಯೊಂದನ್ನು ತಂದು, ಹೊತ್ತಿಸಿ, ಬೆಂಕಿ ಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದೆ. ಫ್ಯಾನು ನಿಂತಿದ್ದಾಗ ಕಡ್ಡಿಯ ಹೊಗೆ ಸಂದಿಯೊಳಕ್ಕೆ ದಾರದಂತೆ ಎಳೆದುಕೊಂಡು ಹೋಗುತ್ತಿತ್ತು. ಅರ್ಧ ವೇಗದಲ್ಲಿ ನೇರವಾಗಿ ಮೇಲೇರಿತು. ಪೂರ್ಣ ವೇಗಕ್ಕೆ ಬಂದಾಗ ನನ್ನ ಮುಖದ ಕಡೆಗೇ ತಿರುಗಿತು. ಅಂದರೆ, ಹೊಗೆ ಕೊಳವೆ ಎಳೆದುಕೊಳ್ಳಬಲ್ಲಷ್ಟಕ್ಕಿಂತ ಹೆಚ್ಚು ಗಾಳಿಯನ್ನು ನಾನು ನೂಕುತ್ತಿದ್ದೆ. ಬಾಗಿಲಿನ ಅಂಚಿಗೆ ಗ್ಲಾಸ್ ಫೈಬರ್ ಹಗ್ಗ ಕೂಡಿಸಿದೆ, ಕೊಳವೆಯನ್ನು ಮೂರಡಿ ಎತ್ತರಿಸಿದೆ, ಬಚ್ಚಲಿನ ಒಂದು ಬದಿಯ ಗೋಡೆಯ ಮೇಲ್ಭಾಗವನ್ನು ಒಡೆಸಿ ಜಾಲರಿ ಹಾಕಿಸಿದೆ. ಈಗಲೂ ತಿಂಗಳಿಗೊಮ್ಮೆ ಊದಿನಕಡ್ಡಿಯ ಪರೀಕ್ಷೆ ತಪ್ಪುವುದಿಲ್ಲ.

ಇನ್ನು ನಿಯಂತ್ರಣದ ಮಾತು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಫ್ಯಾನಿನ ವೇಗ ಹೊಂದಿಸಲು ಎಲೆಕ್ಟ್ರಾನಿಕ್ ಸ್ವಿಚ್ಚಿನಂಥ ಒಂದು ಮಾಸ್‌ಫೆಟ್, ನೀರಿನ ಉಷ್ಣತೆಗೆ ಸ್ಟೀಲು ಕವಚದ ಡಿಎಸ್18ಬಿ20 ಸೆನ್ಸರ್, ಹೊಗೆಯ ಉಷ್ಣತೆಗೆ ಕೆ ಮಾದರಿಯ ಥರ್ಮೋಕಪಲ್ (ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದ ಉಷ್ಣಮಾಪಕ) ಮತ್ತು ಅದರ ಅಳತೆ ಓದುವ ಮ್ಯಾಕ್ಸ್6675 ಚಿಪ್ಪು, ಇಷ್ಟೇ ಸಾಮಾನು. ತಾಮ್ರಕ್ಕೆ ತೂತು ಹೊಡೆಯಲು ಮನಸ್ಸು ಬಾರದೆ, ನೀರಿನ ಸೆನ್ಸರನ್ನು ಆಲಿಕೆಯ ಕೊಳವೆಯೊಳಗೆ ಇಳಿಬಿಟ್ಟೆ. ಪರದೆಯ ಮೇಲೆ 48 ಡಿಗ್ರಿ ತೋರಿಸುತ್ತಿದ್ದಾಗ ಸೊಸೆ ಬಚ್ಚಲಿನಿಂದ, ‘ಮಾವ, ನೀರು ಕುದೀತಾ ಇದೆ!’ ಎಂದು ಕೂಗಿದಳು. ಆಲಿಕೆಯ ಕೊಳವೆ ಹೋಗುವುದು ಬಾಯ್ಲರಿನ ತಳಕ್ಕೆ. ಅದರೊಳಗೆ ನಿಂತಿರುವುದು ಎಲ್ಲಕ್ಕಿಂತ ತಣ್ಣಗಿನ ನೀರು. ನಾನು ಅಳೆಯುತ್ತಿದ್ದುದು ಅದನ್ನೇ. ಕೊನೆಗೆ ತಾಮ್ರದ ಪಾತ್ರೆ ಕೆಲಸದವರ ಹತ್ತಿರ ಹೋಗಿ, ಎತ್ತರದ ಮೂರರಲ್ಲಿ ಎರಡು ಪಾಲಿನ ಮಟ್ಟಕ್ಕೆ, ಒಳತುದಿ ಮುಚ್ಚಿದ ಸಣ್ಣ ಕೊಳವೆಯೊಂದನ್ನು ಬೆಸುಗೆ ಹಾಕಿಸಿ, ಅದರೊಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಸೆನ್ಸರನ್ನು ಕೂಡಿಸಿದೆ.

ಥರ್ಮೋಕಪಲ್ ವಿಷಯದಲ್ಲಿ ಮಾಡಿದ ತಪ್ಪು ಇದಕ್ಕಿಂತ ನಾಚಿಕೆಯದು, ಏಕೆಂದರೆ ಅದು ನನಗೆ ಗೊತ್ತಿರಬೇಕಾಗಿತ್ತು. ತಂತಿ ಗಿಡ್ಡವಾಯಿತೆಂದು ಸಾಮಾನ್ಯ ತಾಮ್ರದ ತಂತಿ ಸೇರಿಸಿ ಉದ್ದ ಮಾಡಿದೆ. ಜೋಡಣೆ ಇದ್ದದ್ದು ಬಾಯ್ಲರಿನ ಬಿಸಿ ಗೋಡೆಯ ಬಳಿ, ಸುಮಾರು 70 ಡಿಗ್ರಿಯಲ್ಲಿ. ಬೋರ್ಡು ಇದ್ದದ್ದು 30 ಡಿಗ್ರಿಯಲ್ಲಿ. ಥರ್ಮೋಕಪಲ್ ಅಳೆಯುವುದು ಎರಡು ತುದಿಗಳ ಉಷ್ಣತೆಯ ಅಂತರವನ್ನು ಮಾತ್ರ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟಿನಂತೆ. ತಣ್ಣನೆಯ ತುದಿ ತನ್ನ ಬಳಿಯೇ ಇದೆಯೆಂದು ನಂಬಿದ ಚಿಪ್ಪು, ಸುಮಾರು ಒಂದು ವಾರ ನನಗೆ 40 ಡಿಗ್ರಿ ಕಡಿಮೆ ಲೆಕ್ಕ ಒಪ್ಪಿಸಿತು. ಕೆ ಮಾದರಿಗೆ ಕೆ ಮಾದರಿಯದೇ ತಂತಿಯನ್ನು ಸೇರಿಸಬೇಕು.

ಅಳತೆ ಸರಿಹೋದ ಮೇಲೆಯೇ ನಿಜವಾದ ಕಲಿಕೆ ಆರಂಭವಾದದ್ದು. ಮೊದಲಿಗೆ, 65 ಡಿಗ್ರಿ ಮುಟ್ಟಿದೊಡನೆ ಫ್ಯಾನು ನಿಲ್ಲುವಂತೆ ಬೋರ್ಡಿಗೆ ಪ್ರೋಗ್ರಾಂ ಬರೆದಿದ್ದೆ. ಫ್ಯಾನು ನಿಲ್ಲುತ್ತಿತ್ತು, ನೀರು ಮಾತ್ರ 78ರ ತನಕ ಏರುತ್ತಿತ್ತು. ಜಾಲರಿಯ ಮೇಲೆ ಕೆಂಪಗೆ ಕುಳಿತ ಇದ್ದಿಲಿಗೆ ಸ್ವಿಚ್ಚಿನ ಮಾತು ಕೇಳಿಸುವುದಿಲ್ಲ. ಆಮೇಲೆ ನೀರಿನ ಅಂಕಿಯನ್ನು ಬಿಟ್ಟು ಹೊಗೆಯ ಅಂಕಿಯನ್ನು ನೋಡತೊಡಗಿದೆ. ಪೂರ್ಣ ವೇಗದಲ್ಲಿ ಹೊಗೆ ಕೊಳವೆಯ ಬುಡದಲ್ಲಿ 340 ಡಿಗ್ರಿ ಇರುತ್ತಿತ್ತು, ನೀರು ನಿಮಿಷಕ್ಕೆ 1.4 ಡಿಗ್ರಿ ಏರುತ್ತಿತ್ತು. ಅರ್ಧ ವೇಗದಲ್ಲಿ ಹೊಗೆ 210ಕ್ಕೆ ಇಳಿದರೂ ನೀರು ನಿಮಿಷಕ್ಕೆ 1.1 ಡಿಗ್ರಿ ಏರುತ್ತಲೇ ಇತ್ತು. ಹೆಚ್ಚುವರಿ ಗಾಳಿ ಎಬ್ಬಿಸಿದ ಕಾವಿನ ಬಹುಪಾಲು ಕೊಳವೆಯಲ್ಲಿ ಹಾದು ಆಕಾಶಕ್ಕೆ ಹೋಗುತ್ತಿತ್ತು.

ಲೆಕ್ಕ ಹಾಕಿ ನೋಡೋಣ. 60 ಲೀಟರ್ ನೀರನ್ನು 20 ಡಿಗ್ರಿಯಿಂದ 65ಕ್ಕೆ ಏರಿಸಲು 2,700 ಕಿಲೋಕ್ಯಾಲೊರಿ ಬೇಕು. ಒಳ್ಳೆಯ ಇದ್ದಿಲು ಕಿಲೋಗೆ ಸುಮಾರು 7,000 ಕಿಲೋಕ್ಯಾಲೊರಿ ಕೊಡುತ್ತದೆ. ಒಂದಿಷ್ಟೂ ನಷ್ಟವಿಲ್ಲದಿದ್ದರೆ 400 ಗ್ರಾಮಿನೊಳಗೆ ಮುಗಿಯಬೇಕು. ತಕ್ಕಡಿಯಲ್ಲಿ ತೂಗಿ ನೋಡಿದಾಗ, ಪೂರ್ಣ ವೇಗದಲ್ಲಿ 1.2 ಕಿಲೋ ಖರ್ಚಾಗುತ್ತಿತ್ತು, ಅರ್ಧ ವೇಗದಲ್ಲಿ 800 ಗ್ರಾಂ. ಮೂರರಲ್ಲಿ ಒಂದು ಪಾಲು ನೀರಿಗೆ ಸೇರುತ್ತಿದ್ದ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಬಂತು, ಅದೂ ಒಂಬತ್ತು ನಿಮಿಷ ತಡವಾದುದಕ್ಕೆ.

ಈಗಿನ ಕ್ರಮ ಹೀಗಿದೆ. ಹೊತ್ತಿಸಿದ ಮೊದಲ ಆರು ನಿಮಿಷ ಪೂರ್ಣ ವೇಗ, ಆಗ ಬಚ್ಚಲಿನಲ್ಲಿ ಯಾರೂ ಇರಕೂಡದು. ಆಮೇಲೆ ನೀರು 50 ಡಿಗ್ರಿಗೆ ಬರುವವರೆಗೆ ಅರ್ಧ ವೇಗ. ಹೊಗೆ 240 ಡಿಗ್ರಿ ದಾಟಿದರೆ ಇನ್ನಷ್ಟು ಕಡಿಮೆ. 50ರಿಂದ 62ರವರೆಗೆ ವೇಗ ಹಂತಹಂತವಾಗಿ ಇಳಿದು, 62ರಲ್ಲಿ ಫ್ಯಾನು ನಿಲ್ಲುತ್ತದೆ, ತೂಗುಬಾಗಿಲು ಬೀಳುತ್ತದೆ; ಉಳಿದ ಕೆಂಡವೇ ನೀರನ್ನು 66ಕ್ಕೆ ಒಯ್ಯುತ್ತದೆ. ಫ್ಯಾನು ಓಡುತ್ತಿದ್ದರೂ ಐದು ನಿಮಿಷ ಹೊಗೆ 90 ಡಿಗ್ರಿ ದಾಟದಿದ್ದರೆ ಬಝರ್ ಕೂಗುತ್ತದೆ: ಇದ್ದಿಲು ಮುಗಿದಿದೆ ಅಥವಾ ಬೆಂಕಿ ಹಿಡಿದಿಲ್ಲ. ಕಾಲು ಪಾಲಿಗಿಂತ ಕಡಿಮೆ ವೇಗದಲ್ಲಿ ಮೋಟಾರು ಏಳುವುದಿಲ್ಲವಾದ್ದರಿಂದ, ಪ್ರತಿ ಸಲವೂ ಒಂದು ಸೆಕೆಂಡು ಪೂರ್ಣ ಶಕ್ತಿ ಕೊಟ್ಟು ಎಬ್ಬಿಸಬೇಕು. 7 ಆಂಪಿಯರ್ ಅವರ್ ಬ್ಯಾಟರಿಯೊಂದನ್ನು ಇಟ್ಟಿರುವುದರಿಂದ ಕರೆಂಟು ಹೋದರೂ ಸ್ನಾನ ನಿಲ್ಲುವುದಿಲ್ಲ.

ನಿಂತ ಬೆಂಕಿಯ ಮೇಲೆ ಹೊಸ ಬೆಂಡು ಸುರಿದು ಬಾಗಿಲು ಮುಚ್ಚುವುದನ್ನು ಮನೆಯಲ್ಲಿ ಎಲ್ಲರಿಗೂ ನಿಷೇಧಿಸಿದ್ದೇನೆ. ಗಾಳಿಯಿಲ್ಲದೆ ಕಮರುವ ಬೆಂಡಿನಿಂದ ಉರಿಯುವ ಅನಿಲ ಒಳಗೆ ತುಂಬಿಕೊಳ್ಳುತ್ತದೆ. ಫ್ಯಾನು ಶುರುವಾದಾಗ ಅದೆಲ್ಲ ಒಮ್ಮೆಗೇ ‘ಧಬ್’ ಎಂದು ಹೊತ್ತಿಕೊಳ್ಳುತ್ತದೆ. ಒಂದು ಸಲ ಬಾಗಿಲು ಕಿತ್ತು ಬಂದು, ನನ್ನ ಹುಬ್ಬಿನ ಕೂದಲು ಸುಟ್ಟಿತು. ಪರಿಚಯದವರೊಬ್ಬರು, ಆಲಿಕೆ ತೆಗೆದು ನೇರವಾಗಿ ಮೇಲಿನ ಟ್ಯಾಂಕಿಗೆ ಜೋಡಿಸಿ ಬಿಸಿನೀರಿನ ಬಾಯಿಗೆ ನಲ್ಲಿ ಹಾಕಬಾರದೇಕೆ ಎಂದು ಕೇಳಿದರು. ಕುದಿದು ಆವಿಯಾದ ಒಂದು ಲೀಟರ್ ನೀರು 1,600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ತೆರೆದ ಬಾಯಿಗಳಿಲ್ಲದಿದ್ದರೆ ಈ ತೆಳು ತಾಮ್ರದ ಪಾತ್ರೆ ಅದನ್ನು ತಡೆಯುವುದಿಲ್ಲ ಎಂದು ಹೇಳಿ ಅವರನ್ನು ಕಳಿಸಿದೆ.

ಉಳಿದಿರುವ ತೊಡಕು ನೀರಿನದು. ನಲ್ಲಿ ನೀರು ಬಾರದ ದಿನ ಬೋರ್‌ವೆಲ್ ನೀರನ್ನೇ ಸುರಿಯುತ್ತೇವೆ. ಅದರ ಸುಣ್ಣ ಸೆನ್ಸರಿನ ಕೊಳವೆಯ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಕಳೆದ ಬೇಸಿಗೆಯ ಹೊತ್ತಿಗೆ ಅಂಕಿ ನಾಲ್ಕು ನಿಮಿಷ ಹಿಂದೆ ಬಿದ್ದು, 62ಕ್ಕೆ ನಿಲ್ಲಬೇಕಾದ ಫ್ಯಾನು 66ಕ್ಕೆ ನಿಲ್ಲುತ್ತಿತ್ತು. ಹುಣಸೆ ಹುಳಿಯನ್ನು ಬಿಸಿನೀರಿನಲ್ಲಿ ಕಿವುಚಿ, ಸೋಸಿ, ಆಲಿಕೆಯಿಂದ ತುಂಬಿಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಬಂದ ನೀರು ಸುಣ್ಣದ ಹಾಳೆಗಳಿಂದ ಬೆಳ್ಳಗಾಗಿತ್ತು. ಮೂರು ಸಲ ತೊಳೆದ ಮೇಲೆ ವಿಳಂಬ ಒಂದು ನಿಮಿಷಕ್ಕೆ ಇಳಿಯಿತು.