ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ತುಂಬುವುದು: ಸ್ಕ್ಯಾನ್‌ನಿಂದ ಕೊನೆಯ ಫೈಲ್‌ವರೆಗೆ

ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಒಂದೂವರೆ ಗಂಟೆಯ ಚಿತ್ರಕ್ಕೆ 1,29,600 ಫ್ರೇಮ್‌ಗಳಾಗುತ್ತವೆ. ಅಷ್ಟಕ್ಕೂ ಕೈಯಲ್ಲಿ ಬಣ್ಣ ಹಚ್ಚುತ್ತ ಕೂರಲು ಯಾರಿಂದಲೂ ಆಗದು. ಹಾಗೆಂದು ಇಡೀ ಚಿತ್ರವನ್ನು ಎಐ ಮಾಡೆಲ್‌ಗೆ ಒಪ್ಪಿಸಿ ಮಲಗಿದರೆ, ಬೆಳಿಗ್ಗೆ ಸಿಗುವುದು ಶಾಟ್‌ಗೊಂದು ಬಣ್ಣದ ಅಂಗಿ ತೊಟ್ಟ ನಾಯಕ. ಕೆಲಸ ನಡೆಯಬೇಕಾದ್ದು ಇವೆರಡರ ನಡುವೆ. ಪ್ರತಿ ಶಾಟ್‌ನಲ್ಲಿ ಒಂದೋ ಎರಡೋ ಫ್ರೇಮ್‌ಗಳ ಬಣ್ಣವನ್ನು ಮನುಷ್ಯ ತೀರ್ಮಾನಿಸಬೇಕು, ಅದನ್ನು ಉಳಿದ ಫ್ರೇಮ್‌ಗಳಿಗೆ ಹಂಚುವ ಕೂಲಿ ಕೆಲಸ ಕಂಪ್ಯೂಟರಿನದು. ಮೊದಲ ಸಲ ಮಾಡುವವರು ಇಡೀ ಚಿತ್ರಕ್ಕೆ ಕೈ ಹಾಕದೆ ಒಂದು ನಿಮಿಷದ ದೃಶ್ಯ ಆರಿಸಿಕೊಳ್ಳಿ. ಅದರಲ್ಲಿ ಒಂದು ಮುಖದ ಕ್ಲೋಸಪ್, ಒಂದು ಹೊರಾಂಗಣದ ಶಾಟ್, ಒಬ್ಬರು ಇನ್ನೊಬ್ಬರ ಮುಂದೆ ಹಾದುಹೋಗುವ ಶಾಟ್ ಇದ್ದರೆ ಬರಬಹುದಾದ ತೊಂದರೆಗಳೆಲ್ಲ ಅಲ್ಲೇ ಕಾಣಿಸಿಕೊಳ್ಳುತ್ತವೆ.

ಬೆಳಕಿನ ಪದರ, ಬಣ್ಣದ ಪದರ

ವಿಡಿಯೊ ಫೈಲ್‌ನಲ್ಲಿ ಪ್ರತಿ ಚಿತ್ರವೂ ಸಾಮಾನ್ಯವಾಗಿ ಮೂರು ಪದರಗಳಾಗಿ ಕೂತಿರುತ್ತದೆ. ಎಲ್ಲಿ ಎಷ್ಟು ಬೆಳಕು ಎಂದು ಹೇಳುವ ‘ವೈ’ ಒಂದು, ಬಣ್ಣವನ್ನು ಹೇಳುವ ‘ಸಿಬಿ’, ‘ಸಿಆರ್’ ಇನ್ನೆರಡು. ಹಳೆಯ ಚಿತ್ರದಲ್ಲಿ ‘ವೈ’ ಆಗಲೇ ಇದೆ. ಛಾಯಾಗ್ರಾಹಕರು ಜೋಡಿಸಿದ ಬೆಳಕು-ನೆರಳು, ಅಂಚುಗಳ ಚುರುಕು, ಫಿಲ್ಮಿನ ಗ್ರೇನ್ (ಸಣ್ಣ ಕಾಳುಕಾಳು ರಚನೆ) ಎಲ್ಲವೂ ಅದರಲ್ಲೇ ಇವೆ. ನೀವು ಸೇರಿಸುವುದು ಉಳಿದೆರಡನ್ನು ಮಾತ್ರ. ಈ ಒಂದು ಕಟ್ಟುಪಾಡನ್ನು ಕೊನೆಯವರೆಗೂ ಬಿಡದಿದ್ದರೆ ಬಣ್ಣ ಎಷ್ಟೇ ಕೆಟ್ಟರೂ ಚಿತ್ರ ಕೆಡುವುದಿಲ್ಲ.

ಕಣ್ಣು ಬೆಳಕಿನ ವಿವರವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವಿವರವನ್ನು ಗುರುತಿಸುವುದಿಲ್ಲ. ನಾವು ದಿನವೂ ನೋಡುವ ಬಹುತೇಕ ವಿಡಿಯೊಗಳ 4:2:0 ಪದ್ಧತಿಯಲ್ಲಿ ಬಣ್ಣದ ಪದರದ ಉದ್ದ, ಅಗಲ ಎರಡೂ ಬೆಳಕಿನ ಪದರದ ಅರ್ಧದಷ್ಟೇ ಇರುತ್ತವೆ. ಆದ್ದರಿಂದ ಬಣ್ಣದ ಅಂಚು ಒಂದೆರಡು ಪಿಕ್ಸೆಲ್ ಮಸುಕಾದರೂ ನಡೆಯುತ್ತದೆ, ಬೆಳಕಿನ ಅಂಚು ಮಸುಕಾದರೆ ನಡೆಯುವುದಿಲ್ಲ.

ಇನ್ನೊಂದು ಮಿತಿಯೂ ಇಲ್ಲೇ ಹುಟ್ಟುತ್ತದೆ. ಎಚ್‌ಡಿ ವಿಡಿಯೊದ ಬಣ್ಣದ ಮಾನದಂಡವಾದ ರೆಕ್ 709ರ ಲೆಕ್ಕದಲ್ಲಿ ಬೆಳಕಿಗೆ ಹಸಿರಿನ ಪಾಲು 71.52%, ಕೆಂಪಿನದು 21.26%, ನೀಲಿಯದು 7.22%. ಅಂದರೆ ಅಪ್ಪಟ ಹಳದಿ ಹೆಚ್ಚುಕಡಿಮೆ ಬಿಳುಪಿನಷ್ಟೇ ಬೆಳಗುತ್ತದೆ, ಅಪ್ಪಟ ನೀಲಿ ಕಪ್ಪಿಗೆ ಹತ್ತಿರ. ತೆರೆಯ ಮೇಲೆ ಕಡುಬೂದಾಗಿರುವ ಬಟ್ಟೆಗೆ ನಿಂಬೆ ಹಳದಿ ಕೊಟ್ಟರೆ ಅದು ಹಳದಿಯಾಗದೆ ಕೆಸರು ಹಸಿರಾಗುತ್ತದೆ. ಬಣ್ಣ ಆರಿಸುವ ಮುನ್ನ ಅದೇ ಬೆಳಕಿನಲ್ಲಿರುವ ಬಿಳಿ ವಸ್ತುವಿನ ಪಕ್ಕ ಆ ಬಟ್ಟೆ ಎಷ್ಟು ಬೂದಾಗಿದೆ ಎಂದು ನೋಡಿ. ಅರ್ಧದಷ್ಟು ಆಯ್ಕೆಗಳು ಆಗಲೇ ಬಿದ್ದುಹೋಗುತ್ತವೆ.

ಮೂಲ ಪ್ರತಿ ಮತ್ತು ಶುಚಿ ಕೆಲಸ

ಬಣ್ಣ ತುಂಬುವ ಹಕ್ಕು ನಿಮಗಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಿ. ಹಕ್ಕುಸ್ವಾಮ್ಯದ ಅವಧಿ ಒಂದೊಂದು ದೇಶದಲ್ಲಿ ಒಂದೊಂದು ಥರ.

ಸಿಗುವುದರಲ್ಲಿ ಅತ್ಯುತ್ತಮ ಪ್ರತಿಯನ್ನೇ ಹಿಡಿಯಿರಿ. ನೆಗೆಟಿವ್‌ನಿಂದ ಮಾಡಿದ 10-ಬಿಟ್ ಸ್ಕ್ಯಾನ್ ಆದರೆ ಒಳ್ಳೆಯದು. ಡಿವಿಡಿಯೇ ಗತಿಯಾದರೆ ಎರಡು ಸಂಗತಿ ನೋಡಿ. ಸೆಕೆಂಡಿಗೆ 29.97 ಫ್ರೇಮ್ ವೇಗದ ಡಿವಿಡಿಗಳಲ್ಲಿ ಸಾಮಾನ್ಯವಾಗಿ 24 ಫ್ರೇಮ್‌ಗಳನ್ನು 3:2 ಪುಲ್‌ಡೌನ್ ಮಾಡಿ, ಅಂದರೆ ಅರ್ಧ ಫ್ರೇಮ್‌ಗಳನ್ನು ಮೂರು-ಎರಡರ ಸರದಿಯಲ್ಲಿ ಮರುಬಳಸಿ, ಹಿಗ್ಗಿಸಿರುತ್ತಾರೆ. ಅದನ್ನು ಡಿಇಂಟರ್‌ಲೇಸ್ (ಹೆಣೆದ ಸಾಲುಗಳ ನಡುವೆ ಊಹಿಸಿ ತುಂಬುವುದು) ಮಾಡಬಾರದು, ಇನ್ವರ್ಸ್ ಟೆಲಿಸಿನೆ ಮಾಡಿ ಅಸಲು ಫ್ರೇಮ್‌ಗಳಿಗೆ ಮರಳಿಸಬೇಕು. ಇಲ್ಲದಿದ್ದರೆ ಬಾಚಣಿಗೆ ಹಲ್ಲಿನಂಥ ಅಂಚುಗಳಿಗೂ ಮಾಡೆಲ್ ಬಣ್ಣ ಹಚ್ಚುತ್ತದೆ. ಎರಡನೆಯದಾಗಿ, ‘ಕಪ್ಪು-ಬಿಳುಪು’ ಫೈಲ್‌ನಲ್ಲೂ ತೆಳುವಾದ ಹಸಿರೋ ನೀಲಿಯೋ ಬೆರೆತಿರಬಹುದು, ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗೆ ಇಳಿಸಿ ಅದನ್ನು ತೆಗೆದುಬಿಡಿ. ಆದರೆ ಮೂಕಿ ಚಿತ್ರಗಳ ಪ್ರತಿಯಾದರೆ ತಾಳಿ: ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಕೇಸರಿ ಎಂದು ಆಗಿನವರೇ ಫಿಲ್ಮನ್ನು ಬಣ್ಣದಲ್ಲಿ ಅದ್ದಿರುತ್ತಿದ್ದರು. ಅದು ದೋಷವಲ್ಲ, ದಾಖಲೆ.

ಫ್ರೇಮ್‌ಗಳನ್ನು 16-ಬಿಟ್ ಬೂದು ಟಿಫ್ ಆಗಿ ಬಿಡಿಸಿಡಿ. 1440×1080 ಅಳತೆಯಲ್ಲಿ ಒಂದು ಫ್ರೇಮ್ ಸುಮಾರು 3.1 ಎಂಬಿ, ನಿಮಿಷಕ್ಕೆ ಸುಮಾರು 4.5 ಜಿಬಿ. ಡಿಸ್ಕಿನಲ್ಲಿ ಅದರ ನಾಲ್ಕೈದು ಪಟ್ಟು ಜಾಗ ಇಟ್ಟುಕೊಳ್ಳಿ.

ದೂಳು, ಗೀರು, ಅಲುಗಾಟ, ಬೆಳಕಿನ ಮಿಣುಕು ಇವೆಲ್ಲ ಬಣ್ಣಕ್ಕೆ ಮೊದಲೇ ಹೋಗಬೇಕು. ಮಿಣುಕು ಉಳಿದರೆ ಒಂದೇ ಗೋಡೆ ಒಂದು ಫ್ರೇಮ್‌ನಲ್ಲಿ ಕೆನೆಬಣ್ಣ, ಮುಂದಿನದರಲ್ಲಿ ತಿಳಿನೀಲಿ ಆಗುತ್ತದೆ, ಏಕೆಂದರೆ ಮಾಡೆಲ್ ಊಹಿಸುವುದೇ ಬೂದಿನ ಮಟ್ಟ ನೋಡಿ. ಗ್ರೇನ್ ವಿಷಯದಲ್ಲಿ ಎರಡು ಪ್ರತಿ ಮಾಡಿ. ಗ್ರೇನ್ ಹಾಗೇ ಉಳಿಸಿದ್ದು ಕೊನೆಯ ಜೋಡಣೆಗೆ, ಡಿನಾಯ್ಸ್ ಮಾಡಿ ನುಣುಪಾಗಿಸಿದ್ದು ಬಣ್ಣ ಊಹಿಸುವ ಮಾಡೆಲ್‌ಗೆ. ನುಣುಪು ಪ್ರತಿಯನ್ನೇ ಕೊನೆಯವರೆಗೆ ಒಯ್ಯುವವರ ಚಿತ್ರದಲ್ಲಿ ಮುಖಗಳು ಮೇಣದ ಬೊಂಬೆಗಳಾಗಿರುತ್ತವೆ, ಮತ್ತೆ ಬೈಗುಳ ತಿನ್ನುವುದು ಬಣ್ಣ.

ಶಾಟ್ ಪಟ್ಟಿ

ಪೈಸೀನ್‌ಡಿಟೆಕ್ಟ್‌ನಂಥ ಸಾಧನ ಕಟ್‌ಗಳನ್ನು ತಾನೇ ಹುಡುಕಿಕೊಡುತ್ತದೆ. ಎರಡು ಫ್ರೇಮ್‌ಗಳ ನಡುವೆ ಎಷ್ಟು ಬದಲಾವಣೆ ಕಂಡರೆ ಕಟ್ ಎನ್ನಬೇಕು ಎಂಬುದಕ್ಕೆ ಅದರ ವಿಷಯಾಧಾರಿತ ವಿಧಾನದ ಡೀಫಾಲ್ಟ್ ಮಿತಿ 27. ಕತ್ತಲೆಯ ದೃಶ್ಯಗಳಲ್ಲಿ ಕಟ್ ತಪ್ಪಿಹೋದರೆ ಇಳಿಸಿ, ಕ್ಯಾಮೆರಾ ಫ್ಲ್ಯಾಶ್‌ಗಳನ್ನೂ ಕಟ್ ಎಂದರೆ ಏರಿಸಿ. ಒಂದು ಶಾಟ್ ಇನ್ನೊಂದರೊಳಗೆ ಕರಗುವ ಡಿಸಾಲ್ವ್‌ಗಳನ್ನು ಮಾತ್ರ ಕಣ್ಣಾರೆ ನೋಡಿ ಗುರುತು ಹಾಕಬೇಕು. ಅಲ್ಲಿ ಎರಡು ಶಾಟ್‌ಗಳು ಒಂದರ ಮೇಲೊಂದು ಇರುವುದರಿಂದ ಮಾಡೆಲ್ ಎರಡನ್ನೂ ಕಲಸಿ ಒಂದು ಕಂದು ಮುದ್ದೆ ಮಾಡುತ್ತದೆ. ಡಿಸಾಲ್ವ್‌ಗೆ ಮುಂಚಿನ ಕೊನೆಯ ಶುದ್ಧ ಫ್ರೇಮ್‌ನ ಬಣ್ಣವನ್ನು ಮುಂದಕ್ಕೂ, ಅದರ ನಂತರದ ಮೊದಲ ಶುದ್ಧ ಫ್ರೇಮ್‌ನದನ್ನು ಹಿಂದಕ್ಕೂ ಎಳೆದು, ಎರಡರ ಬಣ್ಣದ ಪದರಗಳನ್ನು ಚಿತ್ರ ಕರಗುವ ವೇಗದಲ್ಲೇ ಒಂದರೊಳಗೊಂದು ಕರಗಿಸಬೇಕು.

ಪಟ್ಟಿಯಲ್ಲಿ ಶಾಟ್ ಸಂಖ್ಯೆ, ಮೊದಲ-ಕೊನೆಯ ಫ್ರೇಮ್, ಹಗಲೋ ರಾತ್ರಿಯೋ ದೀಪವೋ, ಯಾರಿದ್ದಾರೆ, ಏನು ತೊಟ್ಟಿದ್ದಾರೆ ಎಂಬ ಅಂಕಣಗಳಿರಲಿ. ಬೇಸರದ ಕೆಲಸ, ಆದರೆ ಒಂದೇ ಉಡುಪು ಚಿತ್ರದಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಯಾವ ಬಣ್ಣ?

ಉಳಿದುಕೊಂಡ ಉಡುಪು, ಚಿತ್ರೀಕರಣದಲ್ಲಿ ತೆಗೆದ ಬಣ್ಣದ ಫೋಟೊ, ಸೆಟ್‌ನ ದಾಖಲೆ ಸಿಕ್ಕರೆ ಅದೃಷ್ಟ. ಪೋಸ್ಟರುಗಳನ್ನು ನಂಬಬೇಡಿ. ಅವುಗಳಲ್ಲಿ ಇರುವುದು ಕಲಾವಿದನ ಕಲ್ಪನೆ, ಉಡುಪಿನ ಬಣ್ಣವಲ್ಲ. ನಿಜವಾದ ಬಣ್ಣ ಸಿಕ್ಕರೂ ಒಂದು ತೊಡಕಿದೆ: ಕಪ್ಪು-ಬಿಳುಪು ಕಾಲದಲ್ಲಿ ಸೆಟ್, ಬಟ್ಟೆಗಳ ಬಣ್ಣ ಆರಿಸುತ್ತಿದ್ದುದು ಬೂದಿನಲ್ಲಿ ಹೇಗೆ ಬೇರ್ಪಡುತ್ತವೆ ಎಂದು ನೋಡಿ. ಅಚ್ಚ ಬಿಳಿ ಅಂಗಿ ಕಣ್ಣು ಕೋರೈಸುತ್ತದೆಂದು ಅದಕ್ಕೆ ತಿಳಿಬಣ್ಣ ಹಾಕುವ ರೂಢಿಯಿತ್ತು. ಅಲ್ಲಿ ಸೆಟ್‌ನ ಸತ್ಯಕ್ಕಿಂತ ಕಥೆಯ ಸತ್ಯವೇ ಸರಿ. ಪ್ರೇಕ್ಷಕರು ಬಿಳಿ ಎಂದುಕೊಳ್ಳಲೆಂದೇ ತೊಡಿಸಿದ ಅಂಗಿ ಬಿಳಿಯಾಗಿಯೇ ಇರಲಿ.

ಫಿಲ್ಮ್ ಯಾವ ಬಗೆಯದು ಎಂದೂ ತಿಳಿಯಬೇಕು. 1920ರ ದಶಕದ ಕೊನೆಯವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್ಥೊಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ತುಟಿ ಕಪ್ಪಗಿದ್ದು, ಹಗಲಿನ ಆಕಾಶ ಬೆಳ್ಳಗೆ ಸುಟ್ಟುಹೋಗಿದ್ದರೆ ಅದೇ ಫಿಲ್ಮ್ ಇರಬೇಕು. ಅಂಥ ಚಿತ್ರದಲ್ಲಿ ಕಪ್ಪಾಗಿ ಕಾಣುವ ಬಟ್ಟೆ ಕೆಂಪೂ ಇರಬಹುದು, ಮೇಲೆ ಹೇಳಿದ ರೆಕ್ 709 ಲೆಕ್ಕ ಅಲ್ಲಿ ಕೈಕೊಡುತ್ತದೆ. ಬಿಳಿ ಆಕಾಶಕ್ಕೆ ಕಡುನೀಲಿ ತುಂಬಲು ಹೋಗಬೇಡಿ, ಬೆಳಕಿನ ಪದರ ಅದಕ್ಕೆ ಎಡೆಕೊಡದು. ತೆಳುನೀಲಿಯ ಒಂದು ಸುಳಿವು ಸಾಕು. ನಂತರ ಬಂದ, ಎಲ್ಲ ಬಣ್ಣಗಳೂ ಕಾಣುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮಿನಲ್ಲಿ ಆಕಾಶ ವಿಪರೀತ ಕಪ್ಪಗಿದ್ದರೆ ಲೆನ್ಸ್ ಮುಂದೆ ಕೆಂಪೋ ಕಿತ್ತಳೆಯೋ ಫಿಲ್ಟರ್ ಇತ್ತೆಂದು ತಿಳಿಯಿರಿ. ಹಗಲಿನಲ್ಲೇ ತೆಗೆದು ರಾತ್ರಿಯೆನಿಸಿದ ಶಾಟ್‌ಗಳಲ್ಲೂ ಹೀಗೆ ಮಾಡುತ್ತಿದ್ದರು.

ಮುಖ್ಯ ಫ್ರೇಮ್‌ಗೆ ಬಣ್ಣ

ಶಾಟ್‌ನಲ್ಲಿ ಎಲ್ಲ ವಸ್ತುಗಳೂ ಸ್ಪಷ್ಟವಾಗಿ ಕಾಣುವ ಫ್ರೇಮ್ ಆರಿಸಿ. ಅದು ಮೊದಲನೆಯದೇ ಆಗಬೇಕಿಲ್ಲ. ಹೊಸಬರು ಒಳಬಂದರೆ, ಬಾಗಿಲು ತೆರೆದರೆ, ಮುಖ ತಿರುಗಿದರೆ ಅಲ್ಲೊಂದು ಹೆಚ್ಚಿನ ಮುಖ್ಯ ಫ್ರೇಮ್ ಬೇಕು. ಕ್ರೀಟಾ, ಗಿಂಪ್, ಫೋಟೊಶಾಪ್ ಯಾವುದಾದರೂ ಸರಿ, ಬೂದು ಚಿತ್ರದ ಮೇಲೆ ಹೊಸ ಲೇಯರ್ ಇಟ್ಟು ಬ್ಲೆಂಡ್ ಮೋಡ್ ‘ಕಲರ್’ ಮಾಡಿ ಬಣ್ಣ ಹಚ್ಚಿ. ಖಾಲಿ ಫ್ರೇಮ್ ನೋಡಿ ಕೂರುವ ಬದಲು ಬಣ್ಣ ಊಹಿಸುವ ಎಐ ಮಾಡೆಲ್‌ಗಳಾದ ಡಿಡಿಕಲರ್ ಅಥವಾ ಡಿಓಲ್ಡಿಫೈ ಕೊಟ್ಟ ಕರಡಿನ ಮೇಲೆ ತಿದ್ದುವುದು ವೇಗ.

ಹೆಚ್ಚು ಸಮಯ ಮುಖಕ್ಕೆ ಕೊಡಿ. ಚರ್ಮ ಎಷ್ಟೇ ಕಪ್ಪಾಗಿರಲಿ ಬೆಳ್ಳಗಿರಲಿ, ಅದರ ಹ್ಯೂ (ಬಣ್ಣದ ಚಕ್ರದಲ್ಲಿ ಅದರ ಸ್ಥಾನ) ಕಿತ್ತಳೆಯ ಆಸುಪಾಸಿನ ಕಿರಿದಾದ ಪಟ್ಟಿಯಲ್ಲೇ ಬೀಳುತ್ತದೆ. ಸುಮಾರು 15ರಿಂದ 30 ಡಿಗ್ರಿ, ಸ್ಯಾಚುರೇಶನ್ 25ರಿಂದ 50% ಇಟ್ಟು ಶುರು ಮಾಡಿ. ಇಡೀ ಮುಖಕ್ಕೆ ಒಂದೇ ಬಣ್ಣ ಬಳಿದರೆ ಅರಿಶಿನ ಮೆತ್ತಿದ ಹಾಗೆ ಕಾಣುತ್ತದೆ. ಕೆನ್ನೆ, ಮೂಗಿನ ತುದಿ, ಕಿವಿ, ಬೆರಳ ಗೆಣ್ಣುಗಳಿಗೆ ಸ್ವಲ್ಪ ಕೆಂಪು ಹೆಚ್ಚಿರಲಿ. ಹಣೆ ಸ್ವಲ್ಪ ಹಳದಿಯ ಕಡೆಗೆ, ಗಡ್ಡ ಬೋಳಿಸಿದ ಜಾಗ ಸ್ವಲ್ಪ ತಣ್ಣಗೆ. ಹಲ್ಲು ಅಚ್ಚಬಿಳಿಯಲ್ಲ. ಕಣ್ಣಿನ ಹೊಳಪು, ಕೂದಲ ಮಿಂಚುಗಳಿಗೆ ವಸ್ತುವಿನ ಬಣ್ಣ ಹಚ್ಚಬಾರದು, ಅಲ್ಲಿ ಕಾಣುವುದು ದೀಪದ ಬಣ್ಣ. ತೀರ ಬೆಳಗುವ ಭಾಗದಲ್ಲೂ ಗಾಢ ನೆರಳಿನಲ್ಲೂ ಸ್ಯಾಚುರೇಶನ್ ಇಳಿಯಬೇಕು. ಕೆಂಪು ಬಟ್ಟೆ ತೊಟ್ಟವರ ಗದ್ದದ ಕೆಳಗೆ ತುಸು ಕೆಂಪು ಪ್ರತಿಫಲಿಸುತ್ತದೆ. ಈ ಚಿಕ್ಕ ಸಂಗತಿ ಸೇರಿಸಿದರೆ ಬಣ್ಣ ಮೇಲೆ ಅಂಟಿಸಿದಂತೆ ಕಾಣುವುದು ಎಷ್ಟೋ ತಗ್ಗುತ್ತದೆ.

ಹಂಚುವುದು, ಮತ್ತು ಅಲ್ಲಿ ಕೆಡುವುದು

ಮುಖ್ಯ ಫ್ರೇಮ್‌ನ ಬಣ್ಣವನ್ನು ಮುಂದಿನ ಫ್ರೇಮ್‌ಗಳಿಗೆ ಒಯ್ಯಲು ಮಾದರಿ ಫ್ರೇಮ್ ನೋಡಿ ಬಣ್ಣ ಹಚ್ಚುವ ಕಲರ್‌ಎಂನೆಟ್‌ನಂಥ ಮಾಡೆಲ್‌ಗಳಿವೆ, ಎಬ್‌ಸಿಂತ್ ಎಂಬ ತಂತ್ರಾಂಶವಿದೆ, ಇಲ್ಲವೇ ಡಾವಿಂಚಿ ರಿಸಾಲ್ವ್ ಎಡಿಟಿಂಗ್ ತಂತ್ರಾಂಶದಲ್ಲಿ ಮಾಸ್ಕ್ (ವಸ್ತುವಿನ ಸುತ್ತಲಿನ ಗೆರೆ) ಬಿಡಿಸಿ ಅದು ಚಲಿಸಿದಂತೆ ಟ್ರ್ಯಾಕ್ ಮಾಡಬಹುದು. ಗೋಡೆ, ಮೇಜು, ನೆಲದಂಥ ಅಲುಗದ ವಸ್ತುಗಳಿಗೆ ಮಾಸ್ಕ್ ಸಾಕು. ನಡೆಯುವ ಜನರಿಗೆ ಮಾಡೆಲ್ ಬೇಕು. ಡಿಓಲ್ಡಿಫೈ, ಡಿಡಿಕಲರ್‌ಗಳು ಒಂದೊಂದೇ ಫ್ರೇಮ್ ನೋಡಿ ಊಹಿಸುವುದರಿಂದ ನೇರವಾಗಿ ಹಂಚಲು ಒಗ್ಗುವುದಿಲ್ಲ. ಆದರೂ ಡಿಓಲ್ಡಿಫೈಯನ್ನೇ ಬಳಸುವಿರಾದರೆ ‘ರೆಂಡರ್ ಫ್ಯಾಕ್ಟರ್’ ಗಮನಿಸಿ. ವಿಡಿಯೊಗೆ ಡೀಫಾಲ್ಟ್ 21, ಅದನ್ನು 16ರಿಂದ ಗುಣಿಸಿದರೆ ಬರುವ 336 ಪಿಕ್ಸೆಲ್ ಅಳತೆಯಲ್ಲಿ ಅದು ಬಣ್ಣ ಲೆಕ್ಕ ಹಾಕುತ್ತದೆ. ಸವೆದ ಪ್ರತಿಗೆ ಇಳಿಸಿದರೆ ಬಣ್ಣ ಗಟ್ಟಿಯಾಗುತ್ತದೆ, ಏರಿಸಿದರೆ ವಿವರ ಹೆಚ್ಚಿದರೂ ಬಣ್ಣ ತೆಳುವಾಗಬಹುದು.

ಬಣ್ಣ ಮಿಣುಕಿದರೆ ಬಣ್ಣದ ಪದರಕ್ಕೆ ಮಾತ್ರ ಐದು ಫ್ರೇಮ್‌ಗಳ ಮೀಡಿಯನ್ (ಐದು ಬೆಲೆಗಳಲ್ಲಿ ನಡುವಿನದು) ಹಾಕಿ, ಚಲನೆಗೆ ಹೊಂದಿಸಿ. ಬರೀ ಸರಾಸರಿ ತೆಗೆದರೆ ಕೈ ಬೀಸಿದ ಕಡೆಯೆಲ್ಲ ಬಣ್ಣದ ಬಾಲ ಉಳಿಯುತ್ತದೆ. ಉದ್ದದ ಶಾಟ್‌ನಲ್ಲಿ ಬಣ್ಣ ಮೆಲ್ಲಗೆ ಜಾರುತ್ತದೆ, ಪ್ರತಿ ಫ್ರೇಮ್‌ನ ಚಿಕ್ಕ ತಪ್ಪು ಮುಂದಿನದಕ್ಕೆ ಸೇರುತ್ತ ಹೋಗುವುದೇ ಕಾರಣ. ನಡುವಿನ ಫ್ರೇಮ್‌ಗೆ ಬಣ್ಣ ಹಾಕಿ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹಂಚಿದರೆ ಜಾರುವ ದೂರ ಅರ್ಧವಾಗುತ್ತದೆ. ಒಬ್ಬರು ಇನ್ನೊಬ್ಬರನ್ನು ಮರೆಮಾಡಿ ಹಾದುಹೋದರೆ ಹಾದವರ ಬಣ್ಣ ಹಿಂದಿನವರಿಗೆ ಅಂಟಿಕೊಳ್ಳುತ್ತದೆ, ಮರೆ ಸರಿದ ತಕ್ಷಣದ ಫ್ರೇಮ್‌ನಲ್ಲಿ ಹೊಸ ಮುಖ್ಯ ಫ್ರೇಮ್ ಇಡಿ. ಬೂದಾಗಿಯೇ ಉಳಿದ ಕೈಗಳು ಎಲ್ಲಕ್ಕಿಂತ ಸಾಮಾನ್ಯ ದೋಷ. ಮುಖ ನೋಡುವ ಭರದಲ್ಲಿ ಯಾರೂ ಗಮನಿಸಿರುವುದಿಲ್ಲ.

ಜೋಡಣೆ ಮತ್ತು ಪರೀಕ್ಷೆ

ಗ್ರೇನ್ ಇರುವ ಪ್ರತಿಯಿಂದ ‘ವೈ’, ಬಣ್ಣದ ಪ್ರತಿಯಿಂದ ‘ಸಿಬಿ’, ‘ಸಿಆರ್’ ತೆಗೆದು ಒಂದಾಗಿಸಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಎಕ್ಸ್‌ಟ್ರಾಕ್ಟ್‌ಪ್ಲೇನ್ಸ್, ಮರ್ಜ್‌ಪ್ಲೇನ್ಸ್ ಫಿಲ್ಟರ್‌ಗಳು ಈ ಕೆಲಸಕ್ಕೇ ಇವೆ. ಎರಡೂ ಪ್ರತಿಗಳು ರೆಕ್ 709ರಲ್ಲೇ, ಒಂದೇ ರೇಂಜ್‌ನಲ್ಲಿ (ಕಪ್ಪಿನಿಂದ ಬಿಳುಪಿನವರೆಗಿನ ಅಂಕಿಗಳ ವ್ಯಾಪ್ತಿ) ಇರಬೇಕು. 10-ಬಿಟ್ ಲಿಮಿಟೆಡ್ ರೇಂಜ್‌ನಲ್ಲಿ ಕಪ್ಪು 64, ಬಿಳುಪು 940, ಬಣ್ಣವಿಲ್ಲದ ಜಾಗದ ಸಿಬಿ-ಸಿಆರ್ 512. ಒಂದು ಫುಲ್, ಇನ್ನೊಂದು ಲಿಮಿಟೆಡ್ ಆದರೆ ಚಿತ್ರ ಬೆಳ್ಳಗೆ ಮಾಸುತ್ತದೆ ಅಥವಾ ನೆರಳೆಲ್ಲ ಮಸಿಯಾಗುತ್ತದೆ.

ಈಗ ಜೋಡಿಸಿದ ಫೈಲಿನ ಸ್ಯಾಚುರೇಶನ್ ಸೊನ್ನೆ ಮಾಡಿ, ಮೂಲದ ಮೇಲಿಟ್ಟು ‘ಡಿಫರೆನ್ಸ್’ ಮೋಡ್‌ನಲ್ಲಿ ನೋಡಿ. ಪೂರ್ತಿ ಕಪ್ಪು ಕಾಣಬೇಕು. ಎಲ್ಲಾದರೂ ಆಕಾರ ಕಂಡರೆ ಅಲ್ಲಿ ಬಣ್ಣ ಮಿತಿ ಮೀರಿ ಬೆಳಕನ್ನು ಕದಲಿಸಿದೆ ಎಂದರ್ಥ, ಆ ಜಾಗದ ಸ್ಯಾಚುರೇಶನ್ ಇಳಿಸಿ.

ಆಮೇಲೆ ಪ್ರತಿ ಶಾಟ್‌ನಿಂದ ಒಂದು ಚಿಕ್ಕ ಫ್ರೇಮ್ ತೆಗೆದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಜೋಡಿಸಿ. ಓಡುವ ಚಿತ್ರದಲ್ಲಿ ಕಣ್ಣಿಗೆ ತಪ್ಪಿದ್ದು ಇಲ್ಲಿ ಎದ್ದು ಕಾಣುತ್ತದೆ: ಸಂಭಾಷಣೆಯ ನಡುವೆ ಬಣ್ಣ ಬದಲಿಸಿದ ಅಂಗಿ, ಒಂದು ಕೋನದಿಂದ ಹಸಿರು, ಇನ್ನೊಂದರಿಂದ ಕಂದಾದ ಪರದೆ. ಒಟ್ಟಾರೆ ಸ್ಯಾಚುರೇಶನ್ ನಿಮಗೆ ಸರಿ ಅನಿಸಿದ್ದಕ್ಕಿಂತ ಕಡಿಮೆಯೇ ಇರಲಿ. ಕಪ್ಪು-ಬಿಳುಪಿನ ಬೆಳಕು ಮೊದಲೇ ಗಡಸು, ಅದರ ಮೇಲೆ ತುಂಬು ಬಣ್ಣ ಹೊತ್ತರೆ ಗಿಲೀಟಾಗುತ್ತದೆ.

ಮಾಸ್ಟರನ್ನು ಪ್ರೋರೆಸ್ 422 ಎಚ್‌ಕ್ಯೂನಲ್ಲಿ, ಹಂಚುವ ಪ್ರತಿಯನ್ನು 10-ಬಿಟ್ ಎಚ್.265ರಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಉತ್ತಮ) 16-18 ಇಟ್ಟು ತೆಗೆಯಿರಿ. ಫ್ರೇಮ್ ವೇಗ ಮೂಲದ್ದೇ ಇರಲಿ. 24ನ್ನು ಅಪ್ಪಿತಪ್ಪಿ 23.976 ಮಾಡಿ ಹಳೆಯ ಧ್ವನಿ ಸೇರಿಸಿದರೆ ಒಂದೂವರೆ ಗಂಟೆಯ ಕೊನೆಗೆ ತುಟಿಗೂ ಮಾತಿಗೂ ಐದು ಸೆಕೆಂಡಿಗೂ ಹೆಚ್ಚು ಅಂತರ ಬೀಳುತ್ತದೆ. ಬಣ್ಣ ಆಮೇಲೆ ತುಂಬಿದ್ದು ಎಂಬ ಸಾಲನ್ನು ಚಿತ್ರದ ಮೊದಲಲ್ಲೇ ಹಾಕಿ, ಶುಚಿಗೊಳಿಸಿದ ಕಪ್ಪು-ಬಿಳುಪು ಪ್ರತಿಯನ್ನೂ ಜೊತೆಗೇ ಕೊಡಿ.